ಹಗುರ ಗುಂಡು, ಬಿಗಿ ಲೆಕ್ಕ: ಅಮೆರಿಕದ ತೋಟಾ ಉದ್ದಿಮೆಯಿಂದ ಕಲಿಯಬಹುದಾದದ್ದು

ಗುಣಮಟ್ಟ ನಿಯಂತ್ರಣವೆಂಬುದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಟಕುವ ಸಂಗತಿ ಎಂಬ ಭಾವನೆ ನಮ್ಮ ಸಣ್ಣ ಉದ್ದಿಮೆದಾರರಲ್ಲಿ ಇನ್ನೂ ಬೇರೂರಿದೆ. ಈ ಭಾವನೆ ಎಷ್ಟು ಅಸಮಂಜಸವೆಂಬುದಕ್ಕೆ ಅಮೆರಿಕದ ಒಂದು ವಿಶಿಷ್ಟ ಉದ್ದಿಮೆ ನಿದರ್ಶನವಾಗಿ ನಿಲ್ಲುತ್ತದೆ. ಅಲ್ಲಿನ ಬೇಟೆಗಾರರಲ್ಲಿ ಅನೇಕರು ತಮ್ಮ ರೈಫಲಿಗೆ ಬೇಕಾದ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಹಿತ್ತಾಳೆಯ ಖೋಲು, ಪ್ರೈಮರ್, ಮದ್ದು ಮತ್ತು ಗುಂಡು ಇವು ನಾಲ್ಕೇ ಘಟಕಗಳು. ಆದರೆ ಇವುಗಳನ್ನು ಒಂದು ನಿರ್ದಿಷ್ಟ ರೈಫಲಿಗೆ ಹೊಂದುವಂತೆ ಜೋಡಿಸುವಲ್ಲಿ ತೋರಬೇಕಾದ ಶಿಸ್ತು ಯಾವುದೇ ಉತ್ಪಾದನಾ ಘಟಕಕ್ಕೂ ಮಾದರಿಯಾಗಬಲ್ಲದು. ಅದರಲ್ಲಿಯೂ ಕಡಿಮೆ ತೂಕದ ಗುಂಡುಗಳ ಬಳಕೆ ಹೆಚ್ಚಿದ ಮೇಲೆ ಈ ಶಿಸ್ತಿನ ಮಹತ್ವ ಇನ್ನಷ್ಟು ಸ್ಪಷ್ಟವಾಗಿದೆ.

ಕಿರು ಕಾರ್ಯಾಗಾರಗಳಿಂದ ಹುಟ್ಟಿದ ಉದ್ದಿಮೆ

ಈ ಕ್ಷೇತ್ರದ ಪ್ರಮುಖ ಹೆಸರುಗಳೆಲ್ಲ ಸಣ್ಣ ಕಾರ್ಯಾಗಾರಗಳಿಂದಲೇ ಬೆಳೆದು ಬಂದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುಂಡುಗಳ ಅಭಾವ ತಲೆದೋರಿದಾಗ, ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಅವರು ಬಳಸಿ ಬಿಸಾಡಿದ .22 ತೋಟಾ ಖೋಲುಗಳನ್ನೇ ಗುಂಡಿನ ಹೊರಕವಚವಾಗಿ ಒತ್ತಿ ರೂಪಿಸುವ ಅಚ್ಚುಗಳನ್ನು ತಯಾರಿಸಿದರು. ಅದೇ ಆರ್‌ಸಿಬಿಎಸ್ ಸಂಸ್ಥೆಯ ಆರಂಭ. ಜಾನ್ ನಾಸ್ಲರ್ ಅವರು 1948ರಲ್ಲಿಯೂ, ಜಾಯ್ಸ್ ಹಾರ್ನಡಿ ಅವರು 1949ರಲ್ಲಿ ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನಲ್ಲಿಯೂ ಗುಂಡು ತಯಾರಿಕೆಯ ಸಂಸ್ಥೆಗಳನ್ನು ಸ್ಥಾಪಿಸಿದರು. ಬ್ರೂಸ್ ಹಾಜ್ಡನ್ ಅವರು ಯುದ್ಧದಲ್ಲಿ ಮಿಕ್ಕ ಸೈನ್ಯದ ಮದ್ದನ್ನು ಕೊಂಡು ಚಿಲ್ಲರೆಯಾಗಿ ಮಾರಿ ವ್ಯಾಪಾರ ಕಟ್ಟಿದರು. ಪರರು ತ್ಯಾಜ್ಯವೆಂದು ಎಣಿಸಿದ್ದರಲ್ಲಿ ಕಚ್ಚಾಮಾಲನ್ನು ಕಂಡ ದೃಷ್ಟಿ ಇವರ ಮೂಲ ಬಂಡವಾಳವಾಗಿತ್ತು.

ಕಾಯಿದೆ ತಂದ ಬದಲಾವಣೆ

ಗುಂಡಿನ ತಿರುಳಿಗೆ ಬಹುಕಾಲದಿಂದ ಸೀಸವೇ ಆಧಾರ. ಆದರೆ ಬೇಟೆಯ ಪ್ರಾಣಿಗಳ ಅವಶೇಷಗಳನ್ನು ತಿಂದ ಕಾಂಡೋರ್ ರಣಹದ್ದುಗಳು ಸೀಸದ ವಿಷಕ್ಕೆ ಬಲಿಯಾಗುತ್ತಿದ್ದವು. 1982ರಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್‌ಗಳ ಸಂಖ್ಯೆ 22ಕ್ಕೆ ಇಳಿದಿತ್ತು. ಆ ರಾಜ್ಯವು 2008ರಿಂದ ಕಾಂಡೋರ್ ವಾಸಿಸುವ ಪ್ರದೇಶಗಳಲ್ಲಿ ಬೇಟೆಗೆ ಸೀಸದ ಗುಂಡನ್ನು ನಿಷೇಧಿಸಿತು. 2013ರಲ್ಲಿ ಅಂಗೀಕೃತವಾದ ಕಾಯಿದೆಯಂತೆ, 2019ರ ಜುಲೈ 1ರಿಂದ ನಿಷೇಧವು ರಾಜ್ಯಾದ್ಯಂತ ಪೂರ್ಣವಾಗಿ ಜಾರಿಗೆ ಬಂದಿತು.

ಇಂತಹ ಕಾಯಿದೆಯನ್ನು ಎದುರಿಸಲು ಸಿದ್ಧವಾದ ವಸ್ತು ಬಾರ್ನ್ಸ್ ಸಂಸ್ಥೆಯ ಬಳಿ ಅದಾಗಲೇ ಇತ್ತು. 1989ರಲ್ಲಿಯೇ ಅದು ಪೂರ್ಣ ತಾಮ್ರದ ಗುಂಡನ್ನು ಮಾರುಕಟ್ಟೆಗೆ ತಂದಿತ್ತು. ಆದರೆ ಆ ಗುಂಡು ನಳಿಗೆಯಲ್ಲಿ ತಾಮ್ರದ ಪದರವನ್ನು ಉಳಿಸುತ್ತದೆ, ಎಲ್ಲ ರೈಫಲುಗಳಲ್ಲಿಯೂ ನಿಖರವಾಗಿ ಹೋಗುವುದಿಲ್ಲ ಎಂಬ ದೂರುಗಳಿದ್ದವು. 2003ರಲ್ಲಿ ಗುಂಡಿನ ಸುತ್ತ ಕಾಲುವೆಗಳನ್ನು ಕೊರೆದು ಹೊಸ ಮಾದರಿಯನ್ನು ತಂದಾಗ ಉಜ್ಜಾಟವೂ ಒತ್ತಡವೂ ತಗ್ಗಿದವು. ಗ್ರಾಹಕರ ದೂರಿಗೆ ವಿನ್ಯಾಸದಲ್ಲಿಯೇ ಉತ್ತರ ನೀಡಿದ ಫಲ ಇದು. 2020ರಲ್ಲಿ ಮಾತೃಸಂಸ್ಥೆ ರೆಮಿಂಗ್ಟನ್ ದಿವಾಳಿಯಾದಾಗಲೂ ಬಾರ್ನ್ಸ್‌ನ ಬೆಲೆ ಕುಗ್ಗಿ ಹೋಗಲಿಲ್ಲ. ಸಿಯೆರ್ರಾ ಸಂಸ್ಥೆ ಅದನ್ನು 3.05 ಕೋಟಿ ಡಾಲರಿಗೆ ಖರೀದಿಸಿತು.

ತೂಕ, ಉದ್ದ ಮತ್ತು ತಿರುವು

ತಾಮ್ರದ ಸಾಂದ್ರತೆ 8.96, ಸೀಸದ್ದು 11.34. ಆದಕಾರಣ ಒಂದೇ ವ್ಯಾಸ, ಒಂದೇ ತೂಕವಿದ್ದರೂ ತಾಮ್ರದ ಗುಂಡು ಹೆಚ್ಚು ಉದ್ದವಾಗಿರುತ್ತದೆ. ಉದ್ದವಾದ ಗುಂಡು ಗಾಳಿಯಲ್ಲಿ ಸ್ಥಿರವಾಗಿ ಸಾಗಲು ಹೆಚ್ಚು ವೇಗದ ತಿರುಗುವಿಕೆ ಬೇಕು. ಬ್ರಿಟನ್ನಿನ ಗಣಿತಜ್ಞ ಗ್ರೀನ್‌ಹಿಲ್ ಅವರು 1879ರಲ್ಲಿ ನೀಡಿದ ಸೂತ್ರ ಇಂದಿಗೂ ಸ್ಥೂಲ ಅಂದಾಜಿಗೆ ಬಳಕೆಯಲ್ಲಿದೆ: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿದರೆ ನಳಿಗೆಯ ತಿರುವು ಅಂಗುಲಗಳಲ್ಲಿ ದೊರೆಯುತ್ತದೆ. 0.308 ಅಂಗುಲ ವ್ಯಾಸದ, 1.25 ಅಂಗುಲ ಉದ್ದದ ಸೀಸದ ಗುಂಡಿಗೆ ಸುಮಾರು 11.4 ಅಂಗುಲಕ್ಕೆ ಒಂದು ಸುತ್ತು ಸಾಕು. ಅದೇ ಅಳತೆಯ ತಾಮ್ರದ ಗುಂಡಿಗೆ ಸಾಂದ್ರತೆಯ ತಿದ್ದುಪಡಿ ಮಾಡಿದರೆ ಸುಮಾರು 10.3 ಅಂಗುಲಕ್ಕೆ ಒಂದು ಸುತ್ತು ಬೇಕು. 1906ರಿಂದ ಪ್ರಸಿದ್ಧವಾದ .30-06 ರೈಫಲಿನ ರೂಢಿಯ ತಿರುವು 10 ಅಂಗುಲಕ್ಕೆ ಒಂದು. ಉಳಿಯುವ ಅಂತರ ಅತ್ಯಲ್ಪ.

ಹೀಗಾಗಿ, ಸೀಸದಲ್ಲಿ 180 ಗ್ರೇನ್ ಬಳಸುತ್ತಿದ್ದವರು ತಾಮ್ರದಲ್ಲಿ 150 ಗ್ರೇನಿಗೆ ಇಳಿಯುವುದು ವಾಡಿಕೆಯಾಗಿದೆ. ಒಂದು ಗ್ರಾಮಿಗೆ 15.43 ಗ್ರೇನ್ ಎಂಬ ಲೆಕ್ಕದಲ್ಲಿ ಇದು 11.66 ಗ್ರಾಮಿನಿಂದ 9.72 ಗ್ರಾಮಿಗೆ ಇಳಿಕೆ. ಹಗುರ ಗುಂಡು ಹೆಚ್ಚು ವೇಗದಿಂದ ಹೊರಡುತ್ತದೆ, ಹಿಂದೊದೆತವೂ ಕಡಿಮೆ. ಆದರೆ ಒಂದೇ ಆಕಾರದ ಭಾರದ ಗುಂಡಿಗೆ ಹೋಲಿಸಿದರೆ ಅದು ದೂರ ಹೋದಂತೆಲ್ಲ ಬೇಗ ವೇಗ ಕಳೆದುಕೊಳ್ಳುತ್ತದೆ. ಲಾಭದ ಬಾಬ್ತಿನ ಪಕ್ಕದಲ್ಲಿಯೇ ನಷ್ಟದ ಬಾಬ್ತನ್ನೂ ಬರೆದಿಡತಕ್ಕದ್ದು.

ಒಂದು ಸಲಕ್ಕೆ ಒಂದೇ ಬದಲಾವಣೆ

ತೋಟಾ ತುಂಬುವ ಕ್ರಮದಲ್ಲಿ ಮೊದಲ ನಿಯಮ ಸುರಕ್ಷತೆಯದು. ತಯಾರಕರು ಪ್ರಕಟಿಸಿದ ಪಟ್ಟಿಯಲ್ಲಿ ಅದೇ ಗುಂಡಿಗೆ ಸೂಚಿಸಿದ ಕನಿಷ್ಠ ಪ್ರಮಾಣದಿಂದ ಆರಂಭಿಸಬೇಕು. ಸೀಸದ ಗುಂಡಿನ ಪಟ್ಟಿಯನ್ನು ಅದೇ ತೂಕದ ತಾಮ್ರದ ಗುಂಡಿಗೆ ಅನ್ವಯಿಸುವುದು ಅಪಾಯಕಾರಿ. ಉದ್ದದ ಗುಂಡು ಖೋಲಿನೊಳಗಿನ ಸ್ಥಳವನ್ನು ಆಕ್ರಮಿಸುವುದರಿಂದ ಒತ್ತಡ ಏರುತ್ತದೆ. .30-06ಕ್ಕೆ ಅಮೆರಿಕದ ಉದ್ದಿಮೆ ನಿಗದಿಪಡಿಸಿರುವ ಒತ್ತಡದ ಮಿತಿ ಚದರ ಅಂಗುಲಕ್ಕೆ 60,000 ಪೌಂಡ್. ಪ್ರೈಮರ್ ಚಪ್ಪಟೆಯಾಗುವುದು, ಬೋಲ್ಟ್ ಬಿಗಿಯಾಗುವುದು ಮುಂತಾದ ಲಕ್ಷಣ ಕಂಡೊಡನೆ ನಿಲ್ಲಿಸಬೇಕು. ಇಲ್ಲಿನ ತಪ್ಪಿಗೆ ತೆರುವ ಬೆಲೆ ಹಣದ್ದಲ್ಲ. ಕಣ್ಣು, ಕೈ ಅಥವಾ ಪ್ರಾಣದ್ದು.

ಎರಡನೆಯ ನಿಯಮ, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವುದು. ಖೋಲು, ಪ್ರೈಮರ್, ಮದ್ದು ಎಲ್ಲವೂ ಒಂದೇ ತಂಡದವಾಗಿರಬೇಕು. ಮೊದಲು ಮದ್ದಿನ ಪ್ರಮಾಣ ನಿರ್ಧಾರವಾಗಬೇಕು, ಅನಂತರ ಗುಂಡನ್ನು ಕೂರಿಸುವ ಆಳ. ತಾಮ್ರದ ಗುಂಡುಗಳು ನಳಿಗೆಯ ತಿರುವುಗೆರೆಗಳಿಂದ ಕೊಂಚ ಹಿಂದೆ, ಸಾಮಾನ್ಯವಾಗಿ 0.050 ಅಂಗುಲದಷ್ಟು ದೂರದಲ್ಲಿ ಕುಳಿತಾಗ ಒಳ್ಳೆಯ ಫಲ ಕೊಡುತ್ತವೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಫಲಿತಾಂಶ ಸುಧಾರಿಸಿದರೂ ಕಾರಣ ತಿಳಿಯುವುದಿಲ್ಲ. ಕಾರಣ ತಿಳಿಯದ ಯಶಸ್ಸನ್ನು ಪುನರಾವರ್ತಿಸಲು ಸಾಧ್ಯವಿಲ್ಲ.

ಮೂರು ಗುಂಡುಗಳ ಭ್ರಮೆ

ನೂರು ಗಜ ದೂರದಲ್ಲಿ ಮೂರು ಗುಂಡುಗಳು ಒಂದು ಅಂಗುಲದೊಳಗೆ ಬಿದ್ದರೆ ತೋಟಾ ಸಿದ್ಧವಾಯಿತೆಂದು ಸಂಭ್ರಮಿಸುವುದು ಸಾಮಾನ್ಯ. ಸಂಖ್ಯಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಮೂರು ಗುಂಡುಗಳ ಗುಂಪು ಸರಾಸರಿ ಒಂದು ಅಂಗುಲವಿದ್ದರೆ, ಅದೇ ತೋಟಾದ ಹತ್ತು ಗುಂಡುಗಳ ಗುಂಪು ಸರಾಸರಿ ಸುಮಾರು 1.6 ಅಂಗುಲವಾಗುತ್ತದೆ. ತೋಟಾ ಕೆಡಲಿಲ್ಲ, ಮಾದರಿಯ ಸಂಖ್ಯೆ ಹೆಚ್ಚಿದಾಗ ನಿಜಸ್ಥಿತಿ ಬಯಲಾಯಿತು. ಮೊದಲ ಮೂರು ನಮೂನೆಗಳನ್ನು ಅಳೆದು ಸಾವಿರ ನಗಗಳ ತಂಡವನ್ನು ರವಾನಿಸುವ ಕಾರ್ಖಾನೆಗೂ ಇದೇ ಮಾತು ಅನ್ವಯಿಸುತ್ತದೆ.

ವೆಚ್ಚದ ವಿಚಾರದಲ್ಲಿಯೂ ಇಂತಹದೇ ಭ್ರಮೆಯಿದೆ. ಹಿತ್ತಾಳೆ ಖೋಲು ಹಲವು ಬಾರಿ ಬಳಕೆಗೆ ಬರುವುದರಿಂದ ಅದರ ಬೆಲೆಯನ್ನು ಸ್ಥಿರಾಸ್ತಿಯ ಸವಕಳಿಯಂತೆ ಪ್ರತಿ ತೋಟಾಕ್ಕೂ ಹಂಚಬೇಕು. ಪ್ರೈಮರ್, ಮದ್ದು, ಗುಂಡು ಪೂರ್ಣ ವೆಚ್ಚ. ಒತ್ತುಯಂತ್ರ, ತಕ್ಕಡಿಗಳ ಸವಕಳಿಯನ್ನೂ ಪ್ರಯೋಗಕ್ಕೆ ಖರ್ಚಾದ ತೋಟಾಗಳನ್ನೂ ಬಿಟ್ಟು ಲೆಕ್ಕ ಹಾಕಿದವರಿಗೆ ಮಾತ್ರ ಉಳಿತಾಯ ದೊಡ್ಡದಾಗಿ ಕಾಣುತ್ತದೆ. ಅಭಿವೃದ್ಧಿ ವೆಚ್ಚವನ್ನು ಮರೆತು ದರ ನಮೂದಿಸುವ ನಮ್ಮ ಉದ್ದಿಮೆದಾರರೂ ಇದೇ ತಪ್ಪನ್ನು ಮಾಡುತ್ತಾರೆ.

ಭಾರತದಲ್ಲಿ ಕಾನೂನಿನ ಸ್ಥಿತಿ

ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ, 1972 ಬೇಟೆಯನ್ನು ನಿಷೇಧಿಸಿದೆ. ಆಯುಧಗಳ ಕಾಯಿದೆ, 1959ರ 5ನೆಯ ಪ್ರಕರಣದಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ವಿಸ್ತರಿಸಿರುವ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ಬೇಟೆಗಲ್ಲ. ಆದುದರಿಂದ ಅನುಕರಣೀಯವಾದುದು ಆ ವಸ್ತುವಲ್ಲ, ಅದರ ಹಿಂದಿನ ಕಾರ್ಯವಿಧಾನ.

ಕಾಯಿದೆ ಬದಲಾಗುವುದಕ್ಕೆ ಮೊದಲೇ ಪರ್ಯಾಯ ವಸ್ತುವನ್ನು ಸಿದ್ಧಪಡಿಸಿಕೊಳ್ಳುವುದು, ಕಚ್ಚಾಮಾಲು ಬದಲಾದಾಗ ಹಳೆಯ ಪಟ್ಟಿಯನ್ನು ನಂಬದೆ ಹೊಸದಾಗಿ ಪರೀಕ್ಷಿಸುವುದು, ಪ್ರತಿ ತಂಡದ ದಾಖಲೆಯನ್ನು ದಿನಾಂಕ ಸಹಿತ ಇಡುವುದು, ತೃಪ್ತಿ ಪಡುವ ಮುನ್ನ ಸಾಕಷ್ಟು ನಮೂನೆಗಳನ್ನು ಅಳೆಯುವುದು: ಈ ನಾಲ್ಕಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಒಂದು ತಕ್ಕಡಿ, ಒಂದು ಅಳತೆಯ ಉಪಕರಣ ಮತ್ತು ಒಂದು ನೋಟ್‌ಬುಕ್ ಇದ್ದರೆ ನಾಳೆಯಿಂದಲೇ ಆರಂಭಿಸಬಹುದು.