ಬೆತ್ತ ಎತ್ತುವ ಮುನ್ನ ಕಾರಣ ಕೇಳೋಣ

(ಜುಮಾ ಖುತ್ಬಾದ ಸಾರಾಂಶ)



ಕೆಲವು ವರ್ಷಗಳ ಹಿಂದೆ ನನ್ನ ಮದ್ರಸದಲ್ಲಿ ಒಬ್ಬ ಹುಡುಗನಿದ್ದ. ಕರೆದರೆ ತಿರುಗುತ್ತಿರಲಿಲ್ಲ. ಪಾಠ ಒಪ್ಪಿಸು ಎಂದರೆ ಸುಮ್ಮನೆ ಮುಖ ನೋಡುತ್ತಿದ್ದ. ಹಟಮಾರಿ ಎಂದುಕೊಂಡು ಒಂದು ದಿನ ಅಂಗೈಗೆ ಹೊಡೆದೆ. ಮರುವಾರ ಅವನ ತಾಯಿ ವೈದ್ಯರ ಚೀಟಿ ಹಿಡಿದು ಬಂದರು. "ಉಸ್ತಾದರೇ, ಇವನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲವಂತೆ" ಎಂದರು. ನಾನು ಹೊಡೆದದ್ದು ಹಟಕ್ಕಲ್ಲ, ಅವನ ಕಿವುಡುತನಕ್ಕೆ. ಆ ಹುಡುಗನಲ್ಲಿ ಕ್ಷಮೆ ಕೇಳಿದೆ. ಅಂದಿನಿಂದ ಬೆತ್ತ ಮುಟ್ಟಿಲ್ಲ.

ಮಗು ಮಾಡಿದ್ದು ತಪ್ಪೋ, ಅದರ ನ್ಯೂನತೆಯೋ? ಶಿಕ್ಷಿಸುವ ಮೊದಲು ಈ ಪ್ರಶ್ನೆ ಕೇಳಲೇಬೇಕು. ಆಟಿಸಂ ಇರುವ ಮಗು ಗದ್ದಲಕ್ಕೆ ಕಿರುಚಬಹುದು. ಕಲಿಕಾ ನ್ಯೂನತೆ ಇರುವ ಮಗು ಎಷ್ಟು ಗದರಿಸಿದರೂ ಅಕ್ಷರ ತಿರುವುಮುರುವಾಗಿ ಬರೆಯಬಹುದು. ಇದು ಸೋಮಾರಿತನವಲ್ಲ.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಆಟಿಸಂ, ಕಲಿಕಾ ನ್ಯೂನತೆ ಅದರಲ್ಲಿ ಸೇರಿವೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳು ಭೇದವಿಲ್ಲದೆ ಸೇರಿಸಿಕೊಂಡು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು. ವಿಕಲಚೇತನರನ್ನು ನಾಲ್ಕು ಜನರ ಮುಂದೆ ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಶಿಕ್ಷಣ ಹಕ್ಕು ಕಾಯ್ದೆ ಮದ್ರಸಗಳಿಗೆ ಅನ್ವಯಿಸುವುದಿಲ್ಲ. ಅಲ್ಪಸಂಖ್ಯಾತ ಶಾಲೆಗಳಿಗೂ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ನಮಗೆ ಹೊಡೆಯುವ ಪರವಾನಗಿ ಸಿಕ್ಕಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ, ಮಗುವಿನ ಹೊಣೆ ಹೊತ್ತವರು ಅದರ ಮೇಲೆ ಕ್ರೌರ್ಯ ಎಸಗಿದರೆ ಅಪರಾಧ. ಉಸ್ತಾದರೂ ಅದಕ್ಕೆ ಹೊರತಲ್ಲ. ಕಾನೂನಿಗಿಂತ ಮೊದಲು ಅಲ್ಲಾಹನ ಮುಂದೆ ಉತ್ತರ ಕೊಡಬೇಕಲ್ಲವೇ? ಅಂಧ ಸಹಾಬಿ ಇಬ್ನು ಉಮ್ಮಿ ಮಕ್ತೂಮ್(ರ)ರ ಕಾರಣದಿಂದ 'ಅಬಸ' ಅಧ್ಯಾಯ ಅವತೀರ್ಣವಾದುದನ್ನು ನೆನೆಯೋಣ. ಮುಂದೆ ಅವರೇ ಪ್ರವಾದಿ(ಸ)ರ ಮುಅದ್ಸಿನ್ ಆದರು.

ಹೆತ್ತವರೇ, ನಾಚಿಕೆಯಿಂದ ಮಗುವಿನ ತೊಂದರೆಯನ್ನು ಬಚ್ಚಿಡಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಶಾಲೆಗೂ ಮದ್ರಸಕ್ಕೂ ಬರಹದಲ್ಲಿ ತಿಳಿಸಿ. "ಟಿಸಿ ತೆಗೆದುಕೊಂಡು ಹೋಗಿ" ಎಂದರೆ ಕೂಡಲೇ ಒಪ್ಪಬೇಡಿ. ಕಾರಣವನ್ನು ಬರೆದು ಕೊಡಲು ಕೇಳಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಿ. ಮಗುವಿಗೆ ಹೊಡೆತ ಬಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಶಿಸ್ತು ಬೇಡವೆಂದು ಹೇಳುತ್ತಿಲ್ಲ. ಮುಂದಿನ ಸಾಲಿನಲ್ಲಿ ಕೂರಿಸುವುದು, ಮುಖ ನೋಡಿ ನಿಧಾನ ಮಾತಾಡುವುದು, ಪಾಠವನ್ನು ಚಿಕ್ಕದಾಗಿ ಒಡೆದು ಕೊಡುವುದು ಕೂಡ ಶಿಸ್ತೇ. ಆ ಹುಡುಗನನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ವರ್ಷದೊಳಗೆ ಫಾತಿಹಾ ತಪ್ಪಿಲ್ಲದೆ ಓದಿದ.

ನಮ್ಮ ಕೈಗೆ ಬಂದ ಈ ಅಮಾನತ್ತುಗಳನ್ನು ನೋಯಿಸದೆ ಬೆಳೆಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ನೀಡಲಿ, ಆಮೀನ್.