ನಡೆಯುತ್ತಿರುವಾಗಲೇ ಕದಲುವ ಖಾನೆಗಳು

ಹ್ಯಾಶ್ ಟೇಬಲ್ ಹುಟ್ಟಿದ್ದು ಥಟ್ಟನೆ ಹುಡುಕುವುದಕ್ಕೆ. ಸಾಲಾಗಿ ನೋಡುತ್ತ ಹೋಗುವುದಕ್ಕಲ್ಲ. 1953ರಲ್ಲಿ ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಸಂಸ್ಥೆಯೊಳಗಿನ ಟಿಪ್ಪಣಿಯೊಂದರಲ್ಲಿ ಈ ಉಪಾಯ ಬರೆದಿಟ್ಟರು: ಕೀಲಿಯ ಮೇಲೆ ಒಂದಿಷ್ಟು ಲೆಕ್ಕ ಮಾಡಿ, ಬಂದ ಸಂಖ್ಯೆಯ ಖಾನೆಗೆ ಮಾಹಿತಿ ಹಾಕುವುದು. (ಕ್ರೆಡಿಟ್ ಕಾರ್ಡ್ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ ಹಿಡಿಯುವ ಸೂತ್ರ ಇದೇ ಲೂನ್ ಅವರದು.) ಇಟರೇಟರ್ ಬೇರೆ ಮನೆಯ ಕೂಸು. 1970ರ ದಶಕದಲ್ಲಿ ಎಂಐಟಿಯ ಬಾರ್ಬರಾ ಲಿಸ್ಕೋವ್ ಮತ್ತು ಸಂಗಡಿಗರು ಕಟ್ಟಿದ 'ಕ್ಲೂ' ಭಾಷೆಯಲ್ಲಿ ಅದಕ್ಕೊಂದು ನೆಲೆ ಸಿಕ್ಕಿತು. ಸಂಗ್ರಹದ ಒಳರಚನೆ ಬಯಲು ಮಾಡದೆ, ಅದರಲ್ಲಿರುವುದನ್ನು ಒಂದೊಂದಾಗಿ ಕೈಗೆ ಕೊಡುವುದು ಅದರ ಕೆಲಸ.

ಎರಡೂ ಜೊತೆಗೂಡಿದಾಗ ಮೊದಲು ಏಳುವುದು ಕ್ರಮದ ತಕರಾರು. ಇಟರೇಟರ್ ಖಾನೆಗಳ ಸಾಲಿನಲ್ಲಿ ನಡೆಯುವುದರಿಂದ ಹಾಕಿದ ಕ್ರಮದಲ್ಲೇ ಹೊರಬರುವ ಭರವಸೆ ಇಲ್ಲ. ಪೈಥಾನ್ ತನ್ನ ಡಿಕ್ಷನರಿಗೆ 3.7ನೇ ಆವೃತ್ತಿಯಿಂದ ಆ ಭರವಸೆ ಕೊಟ್ಟಿದೆ. ಗೋ ಭಾಷೆಯದು ತದ್ವಿರುದ್ಧ ಹಟ: ಯಾರೂ ಕ್ರಮವನ್ನು ನೆಚ್ಚಿಕೊಳ್ಳದಿರಲೆಂದು ಪ್ರತಿ ಸಲವೂ ಬೇಕೆಂದೇ ಬೇರೆ ಕಡೆಯಿಂದ ಹೊರಡುತ್ತದೆ. ಒರಟಾದರೂ ಒಳ್ಳೆಯ ಪಾಠ.

ನಿಜವಾದ ಅಪಾಯ ಇರುವುದು ಇಟರೇಟರ್ ನಡೆಯುತ್ತಿರುವಾಗ ನಡುವೆ ಹೊಸದನ್ನು ಸೇರಿಸುವುದರಲ್ಲಿ. ಜಾವಾದ ಹ್ಯಾಶ್‌ಮ್ಯಾಪ್‌ನಲ್ಲಿ ಮೊದಲಿಗೆ 16 ಖಾನೆ; ಮುಕ್ಕಾಲು ಪಾಲು, ಅಂದರೆ 12 ನಮೂದು ದಾಟಿದೊಡನೆ ಖಾನೆಗಳು 32 ಆಗಿ ಎಲ್ಲವೂ ಮರುಹಂಚಿಕೆಯಾಗುತ್ತವೆ. 20 ಎಂಬ ಕೀಲಿಯನ್ನು ನೋಡಿ. 16ರಿಂದ ಭಾಗಿಸಿದರೆ ಶೇಷ 4, ಹಾಗಾಗಿ ಅದು 4ನೇ ಖಾನೆಯಲ್ಲಿತ್ತು. 32ರಿಂದ ಭಾಗಿಸಿದರೆ ಶೇಷ 20. ಅದೀಗ 20ನೇ ಖಾನೆಗೆ ಜಿಗಿಯುತ್ತದೆ. 4ನೇ ಖಾನೆ ದಾಟಿ ಬಂದ ಇಟರೇಟರ್ ಹಾಗೇ ಮುಂದುವರಿದರೆ ಅದೇ ಕೀಲಿ ಎರಡನೇ ಸಲ ಎದುರಾಗುತ್ತದೆ. ಬಿಲ್ ಮೊತ್ತ ಕೂಡುತ್ತಿದ್ದರೆ ಲೆಕ್ಕ ಕೆಟ್ಟಂತೆಯೇ.

ಇದಕ್ಕೆ ಒಂದೊಂದು ಭಾಷೆಯದು ಒಂದೊಂದು ಮದ್ದು. ಸಿ++ನಲ್ಲಿ ಮರುಹಂಚಿಕೆಯಾದರೆ ಹಳೆಯ ಇಟರೇಟರ್‌ಗಳೆಲ್ಲ ಅಮಾನ್ಯ. ಆದರೆ ಅಳಿಸಿದಾಗ ಅಮಾನ್ಯವಾಗುವುದು ಅಳಿದದ್ದನ್ನು ತೋರುತ್ತಿದ್ದದ್ದು ಮಾತ್ರ, ಮುಂದಿನದು 'ಇರೇಸ್' ಕರೆಯಿಂದಲೇ ಮರಳಿ ಸಿಗುತ್ತದೆ. ರಸ್ಟ್‌ನಲ್ಲಿ ನಡೆಯುತ್ತಿರುವಾಗಲೇ ಸಂಗ್ರಹವನ್ನು ಬದಲಿಸುವ ಕೋಡ್ ಕಂಪೈಲ್ ಹಂತದಲ್ಲೇ ತಿರಸ್ಕೃತ. ಜಾವಾ ಬದಲಾವಣೆಗಳ ಎಣಿಕೆ ಇಟ್ಟುಕೊಂಡು, ಎಣಿಕೆ ತಾಳೆಯಾಗದಿದ್ದರೆ ದೋಷ ಎಸೆಯುತ್ತದೆ. ಅಳಿಸಬೇಕಿದ್ದರೆ ಇಟರೇಟರ್‌ನ ಸ್ವಂತ 'ರಿಮೂವ್' ಬಳಸಬೇಕು. ಆದರೆ ಈ ಕಾವಲನ್ನು ಪೂರ್ತಿ ನಂಬುವಂತಿಲ್ಲ. ಕೊನೆಯ ನಮೂದಿನ ಮೇಲೆ ನಿಂತು ಮ್ಯಾಪ್‌ನಿಂದಲೇ ನೇರವಾಗಿ ಅಳಿಸಿದರೆ ಲೂಪ್ ಅಲ್ಲಿಗೇ ಮುಗಿಯುತ್ತದೆ, ತಾಳೆ ನೋಡುವ ಸಂದರ್ಭವೇ ಬರುವುದಿಲ್ಲ. ಒಂದೇ ನಮೂದಿಟ್ಟು ಪರೀಕ್ಷಿಸಿದವರಿಗೆ ದೋಷ ಕಾಣಿಸುವುದೇ ಇಲ್ಲ.