ಬಕ್ರೀದ್ ಕಳೆದ ಮೇಲೆ ಮೂರು ದಿನದ ಊಟ

2025ರಲ್ಲಿ ಬಕ್ರೀದ್ ಬಂದದ್ದು ಜೂನ್ 7ಕ್ಕೆ, ಕಾಲೇಜು ಶುರುವಾದ ಹೊಸತರಲ್ಲೇ. ಹಬ್ಬದ ನಂತರ ನಮ್ಮಲ್ಲಿ ಹಲವರ ಮನೆಯಲ್ಲಿ ನಾಲ್ಕೈದು ದಿನ ಬಿರಿಯಾನಿ, ಕೀಮಾ, ಕಬಾಬ್ ನಡೆಯುತ್ತದೆ. ನೆಂಟರ ಮನೆಯಿಂದ ಬಂದ ಪಾಲು ಬೇರೆ ಫ್ರಿಜ್‌ನಲ್ಲಿ ಇರುತ್ತದೆ. ಆಮೇಲೆ ಕೆಲವರು ‘ಡಯಟ್’ ಎಂದು ಬೆಳಗಿನ ತಿಂಡಿಯನ್ನೇ ಬಿಟ್ಟು ಬರುತ್ತಾರೆ. ಕಾಪು, ಕಾರ್ಕಳ ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುವವರು ಹೀಗೆ ಮಾಡಿದರೆ ಎರಡನೇ ಪೀರಿಯಡ್‌ಗೆ ತಲೆ ತಿರುಗುತ್ತದೆ. ಇಂಟರ್‌ವಲ್‌ನಲ್ಲಿ ಎರಡು ಸಮೋಸ, ಒಂದು ತಂಪು ಪಾನೀಯ. 250 ಮಿಲಿಲೀಟರ್‌ನ ಒಂದು ಬಾಟಲಿಯಲ್ಲೇ ಸುಮಾರು ಐದಾರು ಚಮಚ ಸಕ್ಕರೆ ಇರುತ್ತದೆ. ನಮ್ಮ ಕಾಮರ್ಸ್ ಲೆಕ್ಕದಲ್ಲಿ ಇದು ಉಳಿತಾಯವಲ್ಲ, ನಷ್ಟ.

ಮಾಂಸ ಕೆಟ್ಟದ್ದಲ್ಲ. ಅದರಲ್ಲಿ ಪ್ರೋಟೀನ್ ಇದೆ, ದೇಹಕ್ಕೆ ಸುಲಭವಾಗಿ ಸೇರುವ ಕಬ್ಬಿಣ ಇದೆ. ನಮ್ಮ ವಯಸ್ಸಿನ ಹುಡುಗಿಯರಿಗೆ ಅದು ಬೇಕೇ ಬೇಕು. ತೊಂದರೆ ಏನೆಂದರೆ, ಆ ದಿನಗಳಲ್ಲಿ ತಟ್ಟೆಯಲ್ಲಿ ತರಕಾರಿಯೇ ಇರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು. ಉಪ್ಪು 5 ಗ್ರಾಂ ಮೀರಬಾರದು.

ಯೂಟ್ಯೂಬ್‌ನ ಡಯಟ್‌ಗಳಲ್ಲಿ ಓಟ್ಸ್, ಅವಕಾಡೊ ಹೇಳುತ್ತಾರೆ. ಮಣಿಪಾಲದ ದೊಡ್ಡ ಅಂಗಡಿಗಳಲ್ಲಿ ಅವು ಸಿಗಬಹುದು, ಆದರೆ ನನ್ನೊಬ್ಬಳಿಗಾಗಿ ಅಮ್ಮಿ ಬೇರೆ ಅಡುಗೆ ಮಾಡುವುದು ಸಾಧ್ಯವಿಲ್ಲ. ದಾದಿಗೆ ಶುಗರ್ ಇದೆ, ತಮ್ಮನಿಗೆ ಸೊಪ್ಪು ಕಂಡರಾಗದು. ಆದ್ದರಿಂದ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಆಗುವುದನ್ನೇ ಬರೆದಿದ್ದೇನೆ.

ಮೊದಲ ದಿನ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ. ಉಡುಪಿಯಲ್ಲಿ ಗಂಜಿ ಎಂದರೆ ಜ್ವರ ಬಂದವರ ಊಟವಲ್ಲ, ದಿನನಿತ್ಯದ್ದು. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸುವುದರಿಂದ ತೌಡಿನಲ್ಲಿರುವ ಬಿ ವಿಟಮಿನ್ ಸ್ವಲ್ಪ ಅಕ್ಕಿಯ ಒಳಗೆ ಇಳಿಯುತ್ತದೆ; ಬೆಳ್ತಿಗೆ ಅಕ್ಕಿಯಲ್ಲಿ ಅದು ಪಾಲಿಶ್ ಜೊತೆಗೇ ಹೋಗಿಬಿಡುತ್ತದೆ. ಅಕ್ಕಿಯಲ್ಲಿ ಕಡಿಮೆ ಇರುವ ಪ್ರೋಟೀನ್ ಅಂಶವನ್ನು ಹೆಸರುಕಾಳು ತುಂಬುತ್ತದೆ. ಆದರೂ ಗಂಜಿ ಒಂದು ಬಟ್ಟಲು ಸಾಕು, ಪಲ್ಯ ಧಾರಾಳವಾಗಿರಲಿ. ಶುಗರ್ ಇರುವವರಿಗಂತೂ ಈ ಅಳತೆ ಮುಖ್ಯ. ಮಧ್ಯಾಹ್ನದ ಬುತ್ತಿಗೆ ಅನ್ನ, ಬಸಳೆ ಮತ್ತು ಅಲಸಂದೆಯ ಗಸಿ. ರಾತ್ರಿ ಎರಡು ಚಪಾತಿ, ಫ್ರಿಜ್‌ನಲ್ಲಿ ಉಳಿದ ಕೀಮಾಕ್ಕೆ ಅದರಷ್ಟೇ ಬೀನ್ಸ್, ಕ್ಯಾರೆಟ್ ಹಾಕಿ ಬೇಯಿಸಿದ್ದು. ತಮ್ಮನಂಥವರಿಗೆ ತರಕಾರಿ ತಿನ್ನಿಸುವ ದಾರಿಯೂ ಇದೇ.

ಎರಡನೇ ದಿನ ನೀರುದೋಸೆ. ಅದು ಬರೀ ಅಕ್ಕಿ, ಹಾಗಾಗಿ ಜೊತೆಗೆ ಒಂದು ಬೇಯಿಸಿದ ಮೊಟ್ಟೆ ಬೇಕು. ಮಧ್ಯಾಹ್ನ ನಮ್ಮ ಮನೆಯ ಮಸೂರ್ ದಾಲ್ ಖಿಚಡಿ, ಖಟ್ಟಾ, ಸೌತೆಕಾಯಿ. ರಾತ್ರಿ ಕುಚ್ಚಲಕ್ಕಿ ಅನ್ನ, ಹಲಸಿನ ಬೀಜ ಹಾಕಿದ ಸೌತೆಯ ಸಾಂಬಾರು.

ಮೂರನೇ ದಿನ ಇವುಗಳಲ್ಲಿ ಇಷ್ಟವಾದದ್ದು. ಒಂದು ಹೊತ್ತು ಮಾತ್ರ ಸೊಪ್ಪು ಇರಲಿ. ಮಳೆ ಬಿದ್ದ ಮೇಲೆ ತಗಟೆ ಸೊಪ್ಪು ರಸ್ತೆ ಬದಿಯಲ್ಲೇ ಬೆಳೆಯುತ್ತದೆ, ತುಳುವಿನಲ್ಲಿ ತಜಂಕ್. ಎಳೆಯದನ್ನು, ವಾಹನದ ಹೊಗೆ ಬೀಳದ ಕಡೆಯಿಂದ ಕೊಯ್ಯಿರಿ. ಬೇರೆ ಸೊಪ್ಪು ಆದಿಉಡುಪಿಯ ಬುಧವಾರದ ಸಂತೆಯಲ್ಲಿ ಸಿಗುತ್ತದೆ. ಸೊಪ್ಪಿಗೆ ಲಿಂಬೆ ಹಿಂಡಿದರೆ ಅದರ ಕಬ್ಬಿಣ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆ ಚಹಾ ಕುಡಿದರೆ ಸೇರುವುದು ಕಡಿಮೆಯಾಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿರಲಿ. ನಮ್ಮ ಮನೆಯಲ್ಲಿ ಈ ನಿಯಮ ಅಬ್ಬಾ ಅವರಿಗೆ ಇನ್ನೂ ಒಪ್ಪಿಗೆಯಾಗಿಲ್ಲ.

ಮೀನು ಎಲ್ಲಿ ಎಂದು ಕೇಳುತ್ತೀರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆಗ ಮಲ್ಪೆಯಲ್ಲಿ ಅವು ದಡದಲ್ಲೇ ನಿಲ್ಲುತ್ತವೆ, ಮಾರುಕಟ್ಟೆಯಲ್ಲಿ ರೇಟು ಏರುತ್ತದೆ. ಅದರ ಬದಲಿಗೆ ದಿನಾ ಒಣಮೀನು ತಿಂದರೆ ಉಪ್ಪಿನ ಲೆಕ್ಕ ತಪ್ಪುತ್ತದೆ. ಬೇಕೆನಿಸಿದರೆ ನೀರಿನಲ್ಲಿ ನೆನೆಸಿ, ಎರಡು ಸಲ ತೊಳೆದು, ವಾರಕ್ಕೊಮ್ಮೆ ಚಟ್ನಿ ಮಾಡಿ. ಆಗಸ್ಟ್‌ನಲ್ಲಿ ಬೂತಾಯಿ ಬಂದಾಗ ಒಂದು ದಿನ ಹುರಿದರೆ ಎರಡು ದಿನ ಪುಳಿಮುಂಚಿ ಮಾಡಲು ಅಮ್ಮಿಗೆ ಈಗಲೇ ಹೇಳಿಟ್ಟಿದ್ದೇನೆ.